ಲೆಡ್ಜರಿನಿಂದ ಜಾಲಕ್ಕೆ: ಸಂಸ್ಥಾ ವಾಸ್ತುವಿನ್ಯಾಸ ಮತ್ತು ಕರಾವಳಿಯ ಬ್ಯಾಂಕುಗಳು

೧

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯನ್ನು ಭಾರತೀಯ ಬ್ಯಾಂಕಿಂಗಿನ ತೊಟ್ಟಿಲೆಂದು ಕರೆಯುವುದು ರೂಢಿಯಲ್ಲಿದೆ. ಈ ಮಾತಿನಲ್ಲಿ ಅಭಿಮಾನದ ಪಾಲು ಎಷ್ಟೇ ಇರಲಿ, ಸತ್ಯದ ಪಾಲು ಅದಕ್ಕಿಂತ ಹೆಚ್ಚಾಗಿಯೇ ಇದೆ. ೧೯೦೬ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಆರಂಭಿಸಿದ ನಿಧಿಯೇ ಮುಂದೆ ಕೆನರಾ ಬ್ಯಾಂಕಾಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಕಾರ್ಪೊರೇಷನ್ ಬ್ಯಾಂಕು ಹುಟ್ಟಿಕೊಂಡಿತು. ೧೯೨೪ರಲ್ಲಿ ಕರ್ಣಾಟಕ ಬ್ಯಾಂಕು, ೧೯೨೫ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು, ೧೯೩೧ರಲ್ಲಿ ವಿಜಯಾ ಬ್ಯಾಂಕು ಇವು ಒಂದರ ಹಿಂದೊಂದರಂತೆ ಬಂದವು. ಮುಂಬಯಿಯ ಹೋಟೆಲುಗಳಲ್ಲಿ, ಗಿರಣಿಗಳಲ್ಲಿ, ಕಚೇರಿಗಳಲ್ಲಿ ದುಡಿಯಲು ಬಂದ ಕರಾವಳಿಯ ಕನ್ನಡಿಗರ ಹಿಂದೆಯೇ ಈ ಬ್ಯಾಂಕುಗಳ ಶಾಖೆಗಳೂ ಈ ಮಹಾನಗರಕ್ಕೆ ಬಂದುವೆಂಬುದನ್ನು ಇಲ್ಲಿನ ಓದುಗರಿಗೆ ವಿವರಿಸಬೇಕಾಗಿಲ್ಲ.

ಈ ಚರಿತ್ರೆಯ ಒಂದು ದೊಡ್ಡ ತಿರುವು ೨೦೧೯–೨೦ರಲ್ಲಿ ಬಂದಿತು. ೨೦೧೯ರ ಏಪ್ರಿಲ್ ೧ರಂದು ವಿಜಯಾ ಬ್ಯಾಂಕು ದೇನಾ ಬ್ಯಾಂಕಿನ ಜೊತೆಗೆ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನಗೊಂಡಿತು. ಮರುವರ್ಷ ಅದೇ ದಿನಾಂಕದಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿಯೂ ಸೇರಿಹೋದವು. ಇವುಗಳ ಬಗೆಗೆ ಭಾವುಕವಾಗಿ ಆಡಿದ ಮಾತುಗಳು ಸಾಕಷ್ಟಿವೆ. ಅವು ಸಹಜವೂ ಹೌದು. ಆದರೆ ೨೦೧೯ರ ಆಗಸ್ಟ್ ೩೦ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಹತ್ತು ಬ್ಯಾಂಕುಗಳನ್ನು ನಾಲ್ಕಾಗಿ ಒಗ್ಗೂಡಿಸುವ ನಿರ್ಧಾರವನ್ನು ಪ್ರಕಟಿಸಿದಾಗ ಮುಂದಿಟ್ಟ ಸಮರ್ಥನೆಗಳಲ್ಲಿ ಒಂದು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಯಾವ ಬ್ಯಾಂಕಿನೊಡನೆ ಯಾವುದನ್ನು ಸೇರಿಸಬೇಕೆಂಬ ಎಣಿಕೆಯಲ್ಲಿ ಆ ಬ್ಯಾಂಕುಗಳು ಬಳಸುತ್ತಿದ್ದ ಗಣಕ ತಂತ್ರಾಂಶವೂ ಒಂದು ಅಂಶವಾಗಿತ್ತು. ಕೆನರಾ ಮತ್ತು ಸಿಂಡಿಕೇಟ್ ಎರಡೂ ಮುಂಬಯಿಯಲ್ಲಿ ಹುಟ್ಟಿದ ಐ-ಫ್ಲೆಕ್ಸ್ ಕಂಪನಿಯ ತಂತ್ರಾಂಶವನ್ನು ಬಳಸುತ್ತಿದ್ದವು. ಯೂನಿಯನ್, ಆಂಧ್ರ ಮತ್ತು ಕಾರ್ಪೊರೇಷನ್ ಬ್ಯಾಂಕುಗಳಲ್ಲಿ ಬೆಂಗಳೂರಿನ ಇನ್ಫೋಸಿಸ್‌ನ ಫಿನಾಕಲ್ ಇತ್ತು. ಕುಲಗೋತ್ರ ನೋಡಿ ಸಂಬಂಧ ಬೆಳೆಸುವಂತೆ ತಂತ್ರಾಂಶದ ಗೋತ್ರ ನೋಡಿ ಬ್ಯಾಂಕುಗಳ ಸಂಬಂಧ ಕುದುರಿಸಲಾಯಿತೆಂದರೆ ಅದು ಪೂರ್ತಿ ಉತ್ಪ್ರೇಕ್ಷೆಯಾಗದು. ವ್ಯತ್ಯಾಸವೆಂದರೆ, ಮದುವೆಯಲ್ಲಿ ಸಗೋತ್ರ ನಿಷಿದ್ಧ; ಇಲ್ಲಿ ಅದೇ ಯೋಗ್ಯತೆ.

ತಂತ್ರಜ್ಞಾನವು ವ್ಯವಹಾರದ ಗುರಿಗೆ ಅನುಗುಣವಾಗಿ ನಡೆಯಬೇಕೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಇಲ್ಲಿ ವ್ಯವಹಾರದ ಅತಿ ದೊಡ್ಡ ನಿರ್ಧಾರವೊಂದು ತಂತ್ರಜ್ಞಾನದ ಅನುಕೂಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಡೆಯಿತು. ಇವೆರಡರ ನಡುವಣ ಸಂಬಂಧವನ್ನು ಶಾಸ್ತ್ರೀಯವಾಗಿ ವಿವೇಚಿಸುವ ಒಂದು ಶಿಸ್ತು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಬೆಳೆದುಬಂದಿದೆ. ಇಂಗ್ಲಿಷಿನಲ್ಲಿ ಅದನ್ನು ‘ಎಂಟರ್‌ಪ್ರೈಸ್ ಆರ್ಕಿಟೆಕ್ಚರ್’ ಎನ್ನುತ್ತಾರೆ. ಕನ್ನಡದಲ್ಲಿ ‘ಸಂಸ್ಥಾ ವಾಸ್ತುವಿನ್ಯಾಸ’ ಎಂದು ಹೇಳಬಹುದು. ‘ವಾಸ್ತು’ ಎಂದೊಡನೆ ಅಡುಗೆಮನೆಯ ದಿಕ್ಕು, ಬಾಗಿಲಿನ ಮೂಲೆ ನೆನಪಾಗುವ ಕಾಲವಿದು. ಇಲ್ಲಿ ಆ ಶಬ್ದವನ್ನು ಅದರ ಹಳೆಯ, ಗಂಭೀರವಾದ ಅರ್ಥದಲ್ಲಿಯೇ ಗ್ರಹಿಸಬೇಕು.

೨

ಈ ಶಿಸ್ತಿನ ಮೊದಲ ಹೆಸರು ಜಾನ್ ಝಾಕ್‌ಮನ್ ಅವರದು. ಐ.ಬಿ.ಎಂ. ಕಂಪನಿಯಲ್ಲಿದ್ದ ಅವರು ೧೯೮೭ರಲ್ಲಿ ಆ ಕಂಪನಿಯ ‘ಸಿಸ್ಟಮ್ಸ್ ಜರ್ನಲ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ದೊಡ್ಡ ಸಂಸ್ಥೆಗಳಲ್ಲಿ ಗಣಕಯಂತ್ರಗಳು ಒಂದೊಂದಾಗಿ ಬಂದು, ಒಂದಕ್ಕೊಂದು ಸಂಬಂಧವಿಲ್ಲದೆ ಬೆಳೆದು, ಕೊನೆಗೆ ಯಾರಿಗೂ ಅದರ ಒಟ್ಟು ರೂಪ ತಿಳಿಯದಂತಾಗಿದ್ದ ಕಾಲವದು. ಝಾಕ್‌ಮನ್ ಗಣಕ ವಿಜ್ಞಾನದತ್ತ ನೋಡದೆ ಕಟ್ಟಡ ನಿರ್ಮಾಣದತ್ತ ನೋಡಿದರು. ಮನೆ ಕಟ್ಟಿಸುವ ಯಜಮಾನನಿಗೆ ತೋರಿಸುವ ಚಿತ್ರ ಬೇರೆ, ವಾಸ್ತುಶಿಲ್ಪಿ ರಚಿಸುವ ನಕ್ಷೆ ಬೇರೆ, ಮೇಸ್ತ್ರಿಯ ಕೈಯಲ್ಲಿರುವ ಹಾಳೆ ಬೇರೆ. ಒಂದೇ ಚಿತ್ರಕ್ಕೆ ಹೆಚ್ಚು ವಿವರ ಸೇರಿಸುತ್ತ ಹೋದರೆ ಇನ್ನೊಂದು ಸಿಗುವುದಿಲ್ಲ. ಅವು ಮೂಲತಃ ಬೇರೆ ಬೇರೆ ಬಗೆಯವು, ಬೇರೆ ಬೇರೆ ಕಣ್ಣುಗಳಿಗಾಗಿ ಬರೆದವು. ಹೀಗಿದ್ದರೂ ಅವೆಲ್ಲ ಒಂದೇ ಮನೆಯ ಚಿತ್ರಗಳಾಗಿರಬೇಕು. ಯಜಮಾನನ ಚಿತ್ರದಲ್ಲಿ ಇರುವ ದೇವರ ಕೋಣೆ ಮೇಸ್ತ್ರಿಯ ಹಾಳೆಯಲ್ಲಿ ಇಲ್ಲದಿದ್ದರೆ ಗೃಹಪ್ರವೇಶದ ದಿನವಷ್ಟೇ ಅದು ಗೊತ್ತಾಗುತ್ತದೆ.

ಈ ಒಳನೋಟವನ್ನು ಝಾಕ್‌ಮನ್ ಒಂದು ಕೋಷ್ಟಕವಾಗಿ ರೂಪಿಸಿದರು. ಅಡ್ಡಸಾಲುಗಳಲ್ಲಿ ನೋಡುವವರು: ಯೋಜಕ, ಒಡೆಯ, ವಿನ್ಯಾಸಕ, ನಿರ್ಮಾಪಕ ಇತ್ಯಾದಿ. ಕಂಬಸಾಲುಗಳಲ್ಲಿ ಪ್ರಶ್ನೆಗಳು: ಏನು, ಹೇಗೆ, ಎಲ್ಲಿ, ಯಾರು, ಯಾವಾಗ, ಏಕೆ. ೧೯೮೭ರ ಲೇಖನವು ಮೊದಲ ಮೂರು ಪ್ರಶ್ನೆಗಳನ್ನು, ಎಂದರೆ ದತ್ತಾಂಶ, ಕಾರ್ಯ, ಸ್ಥಳ ಇವನ್ನು ಮಾತ್ರ ವಿಸ್ತರಿಸಿತ್ತು. ಯಾರು, ಯಾವಾಗ, ಏಕೆ ಎಂಬ ಉಳಿದ ಮೂರು ಪೂರ್ಣ ರೂಪ ಪಡೆದದ್ದು ೧೯೯೨ರಲ್ಲಿ, ಜಾನ್ ಸೋವಾ ಅವರೊಡನೆ ಬರೆದ ಎರಡನೆಯ ಲೇಖನದಲ್ಲಿ. ಇದೊಂದು ಆಕಸ್ಮಿಕವೆಂದು ಬಿಟ್ಟುಬಿಡಬಹುದು. ಆದರೂ ಗಣಕ ತಜ್ಞರ ಕೋಷ್ಟಕದಲ್ಲಿ ‘ಏಕೆ’ ಎಂಬ ಪ್ರಶ್ನೆ ಐದು ವರ್ಷ ತಡವಾಗಿ ವಿಸ್ತಾರ ಪಡೆಯಿತೆಂಬುದು ಆ ವೃತ್ತಿಯ ಸ್ವಭಾವವನ್ನು ಸ್ವಲ್ಪ ಮಟ್ಟಿಗಾದರೂ ಸೂಚಿಸುತ್ತದೆ.

ಅನಂತರ ಬಂದ ಚೌಕಟ್ಟುಗಳು ಹಲವು. ೧೯೯೫ರಲ್ಲಿ ಮೊದಲ ಆವೃತ್ತಿ ಕಂಡ ‘ಟೋಗಾಫ್’ ಅವುಗಳಲ್ಲಿ ಹೆಚ್ಚು ಪ್ರಚಾರ ಪಡೆದದ್ದು. ಅಮೆರಿಕದ ರಕ್ಷಣಾ ಇಲಾಖೆಯ ಚೌಕಟ್ಟೊಂದನ್ನು ಅದು ತನ್ನ ತಳಹದಿಯಾಗಿಸಿಕೊಂಡಿತು. ಝಾಕ್‌ಮನ್ ಅವರದು ಸ್ಥಿರ ಕೋಷ್ಟಕವಾದರೆ ಇದು ಚಲನೆಯ ಕ್ರಮ: ಮೊದಲು ದೃಷ್ಟಿ, ಆಮೇಲೆ ವ್ಯವಹಾರದ ವಿನ್ಯಾಸ, ಆಮೇಲೆ ದತ್ತಾಂಶ ಮತ್ತು ತಂತ್ರಾಂಶ, ಅದಾದ ಮೇಲೆ ಯಂತ್ರ ಮತ್ತು ಜಾಲ, ಹೀಗೆ ಒಂದು ಸುತ್ತು. ಸುತ್ತಿನ ನಡುವೆ ಸಂಸ್ಥೆಯ ಅಗತ್ಯಗಳನ್ನು ಇರಿಸಲಾಗಿದೆ. ೧೯೯೬ರಲ್ಲಿ ಅಮೆರಿಕದ ಕಾಯಿದೆಯೊಂದು ಅಲ್ಲಿನ ಕೇಂದ್ರ ಇಲಾಖೆಗಳ ಮಾಹಿತಿ ಅಧಿಕಾರಿಗಳಿಗೆ ಇಂಥ ವಿನ್ಯಾಸವನ್ನು ಹೊಂದುವ ಹೊಣೆ ಹೊರಿಸಿತು. ಭಾರತ ಸರಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವೂ ೨೦೧೮ರಲ್ಲಿ ‘ಇಂಡಿಯಾ’ ಎಂದು ಉಚ್ಚರಿಸಲ್ಪಡುವ ಸಂಕ್ಷಿಪ್ತ ನಾಮದ ತನ್ನದೇ ಚೌಕಟ್ಟನ್ನು ಪ್ರಕಟಿಸಿತು. ಚೌಕಟ್ಟುಗಳ ಈ ವಂಶಾವಳಿಯನ್ನು ಇನ್ನಷ್ಟು ಬೆಳೆಸುವುದರಿಂದ ಪ್ರಯೋಜನವಿಲ್ಲ. ಅವು ಕೇಳುವ ಪ್ರಶ್ನೆಗಳನ್ನು ಒಂದು ನಿಜವಾದ ವ್ಯವಹಾರದ ಮೇಲೆ ಇಟ್ಟು ನೋಡಿದಾಗಲೇ ಅವುಗಳ ಬೆಲೆ ತಿಳಿಯುತ್ತದೆ.

೩

ಬ್ಯಾಂಕು ಶಾಖೆಯ ಹಳೆಯ ಸ್ವರೂಪವನ್ನು ಕಂಡವರಿಗೆ ಲೆಡ್ಜರಿನ ಮಹತ್ವ ಗೊತ್ತು. ಗ್ರಾಹಕನ ಹೆಸರಿನ ಪುಟವು ಒಂದು ದಪ್ಪ ಪುಸ್ತಕದಲ್ಲಿತ್ತು. ಆ ಪುಸ್ತಕವು ಒಂದು ಶಾಖೆಯಲ್ಲಿತ್ತು. ಆದ್ದರಿಂದ ಗ್ರಾಹಕನೂ ಆ ಶಾಖೆಗೆ ಸೇರಿದವನಾಗಿದ್ದ. ಕುಂದಾಪುರದ ಬಳಿಯ ಹಳ್ಳಿಯ ಶಾಖೆಯಲ್ಲಿ ಖಾತೆಯಿದ್ದವನು ಮುಂಬಯಿಯ ಅದೇ ಬ್ಯಾಂಕಿನ ಶಾಖೆಗೆ ಬಂದರೆ ಆತ ಅಪರಿಚಿತ. ಅವನ ಹಣ ಊರಿನಲ್ಲಿ, ಅವನು ಇಲ್ಲಿ. ನಡುವೆ ಡಿ.ಡಿ., ಎಂ.ಟಿ., ಮನಿಯಾರ್ಡರು. ಶಾಖೆ ಶಾಖೆಗಳ ನಡುವಣ ಲೆಕ್ಕವನ್ನು ತಾಳೆ ನೋಡುವ ಕೆಲಸ ಪ್ರಧಾನ ಕಚೇರಿಯಲ್ಲಿ ತಿಂಗಳುಗಟ್ಟಲೆ ಹಿಂದೆ ಬಿದ್ದಿರುತ್ತಿತ್ತು.

ಈ ವ್ಯವಸ್ಥೆಗೆ ಗಣಕಯಂತ್ರ ಬಂದ ಬಗೆ ಗಮನಾರ್ಹವಾಗಿದೆ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯಲ್ಲಿ ರಿಸರ್ವ್ ಬ್ಯಾಂಕು ನೇಮಿಸಿದ ಸಮಿತಿ ೧೯೮೪ರಲ್ಲಿ ವರದಿ ನೀಡಿತು; ಅದೇ ಅಧ್ಯಕ್ಷತೆಯ ಎರಡನೆಯ ಸಮಿತಿಯ ವರದಿ ೧೯೮೯ರಲ್ಲಿ ಬಂದಿತು. ನೌಕರರ ಸಂಘಗಳೊಂದಿಗೆ ೧೯೮೩ರಿಂದ ಆದ ಒಪ್ಪಂದಗಳು ಯಾವ ಯಂತ್ರ, ಎಷ್ಟು, ಎಲ್ಲಿ ಎಂಬುದನ್ನು ಮಿತಿಗೊಳಿಸಿದ್ದವು. ಉದ್ಯೋಗ ಹೋದೀತೆಂಬ ಭಯ ಆಗ ನಿಜವಾದದ್ದಾಗಿತ್ತು. ಇಂದು ಹಿಂತಿರುಗಿ ನೋಡಿ ಆ ಸಂಘಗಳನ್ನು ಪ್ರಗತಿವಿರೋಧಿಗಳೆಂದು ಜರೆಯುವುದು ಸುಲಭ, ಆದರೆ ನ್ಯಾಯವಲ್ಲ. ಯಂತ್ರ ಏಕೆ ಬೇಕು, ಯಾರ ಕೆಲಸ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ಮೊದಲು ಗಟ್ಟಿಯಾಗಿ ಕೇಳಿದವರಲ್ಲಿ ಅವರೂ ಇದ್ದರು.

ಮೊದಲು ಬಂದದ್ದು ಲೆಡ್ಜರಿನಲ್ಲಿ ನಮೂದಿಸುವ ಯಂತ್ರ. ಅದರ ಹೆಸರೇ ಹೇಳುವಂತೆ, ಕೈಬರಹದ ಜಾಗದಲ್ಲಿ ಯಂತ್ರ ಬಂದಿತು. ಲೆಡ್ಜರು ಲೆಡ್ಜರಾಗಿಯೇ ಉಳಿಯಿತು. ೧೯೯೦ರ ದಶಕದಲ್ಲಿ ‘ಪೂರ್ಣ ಶಾಖಾ ಗಣಕೀಕರಣ’ ಬಂದಿತು. ಕೇಂದ್ರ ಜಾಗೃತ ಆಯೋಗವು ೧೯೯೮ರಲ್ಲಿ ಪ್ರತಿ ಬ್ಯಾಂಕೂ ತನ್ನ ವ್ಯವಹಾರದ ಶೇಕಡಾ ೭೦ರಷ್ಟನ್ನು ೨೦೦೧ರ ಆರಂಭದೊಳಗೆ ಗಣಕೀಕರಿಸಬೇಕೆಂದು ಆದೇಶಿಸಿದ್ದು ಇದಕ್ಕೆ ವೇಗ ಕೊಟ್ಟಿತು. ಶಾಖೆಯಲ್ಲಿ ಈಗ ಪುಸ್ತಕಗಳ ಬದಲು ಪರದೆಗಳು. ಕೌಂಟರಿನ ಮುಂದಿನ ಸಾಲು ಬೇಗ ಕರಗಿತು. ಆದರೆ ಪ್ರತಿ ಶಾಖೆಯ ಗಣಕವೂ ಆ ಶಾಖೆಯ ಗೋಡೆಗಳೊಳಗೇ ಇತ್ತು. ಕುಂದಾಪುರದವನು ಮುಂಬಯಿಯಲ್ಲಿ ಇನ್ನೂ ಅಪರಿಚಿತನೇ. ತಂತ್ರಜ್ಞಾನ ಬದಲಾಗಿತ್ತು, ವ್ಯವಹಾರದ ಆಕೃತಿ ಬದಲಾಗಿರಲಿಲ್ಲ. ಹಳೆಯ ಆಕೃತಿಯನ್ನು ಯಂತ್ರ ಇನ್ನಷ್ಟು ಗಟ್ಟಿ ಮಾಡಿತ್ತೆಂದೇ ಹೇಳಬೇಕು. ಪುಸ್ತಕವನ್ನಾದರೆ ಕಟ್ಟಿಡಬಹುದು, ಶಾಖೆಗೊಂದರಂತೆ ಕೊಂಡ ನೂರಾರು ಯಂತ್ರಗಳನ್ನೂ ಅವುಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ತುಂಬಿದ ಹೆಸರು ವಿಳಾಸಗಳನ್ನೂ ಹಾಗೆ ಕಟ್ಟಿಡಲಾಗದು.

‘ಕೋರ್ ಬ್ಯಾಂಕಿಂಗ್’ ಎಂಬ ಕೇಂದ್ರೀಕೃತ ವ್ಯವಸ್ಥೆ ೨೦೦೦ದ ನಂತರದ ವರ್ಷಗಳಲ್ಲಿ ಬಂದಾಗ ಬದಲಾದದ್ದು ಈ ಆಕೃತಿ. ಎಲ್ಲ ಖಾತೆಗಳೂ ಒಂದು ದತ್ತಾಂಶ ಕೇಂದ್ರದಲ್ಲಿ. ಶಾಖೆ ಎಂಬುದು ಆ ಕೇಂದ್ರವನ್ನು ತಲುಪುವ ಒಂದು ಕಿಟಕಿ ಮಾತ್ರ. ಗ್ರಾಹಕ ಶಾಖೆಯವನಾಗಿದ್ದವನು ಬ್ಯಾಂಕಿನವನಾದ. ಜೀನ್ ರಾಸ್, ಪೀಟರ್ ವೈಲ್ ಮತ್ತು ಡೇವಿಡ್ ರಾಬರ್ಟ್‌ಸನ್ ಅವರು ೨೦೦೬ರಲ್ಲಿ ಹೊರತಂದ ಗ್ರಂಥವೊಂದರಲ್ಲಿ, ಯಾವ ಸಂಸ್ಥೆಯೂ ಯಂತ್ರ ಕೊಳ್ಳುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರಿಸಿಕೊಳ್ಳಬೇಕೆನ್ನುತ್ತಾರೆ. ಅದರ ವಿಭಾಗಗಳು ಒಂದೇ ಬಗೆಯಲ್ಲಿ ಕೆಲಸ ಮಾಡಬೇಕೆ? ಅವು ಒಂದೇ ದತ್ತಾಂಶವನ್ನು ಹಂಚಿಕೊಳ್ಳಬೇಕೆ? ಈ ವಿವೇಚನೆಯನ್ನು ಇಲ್ಲಿಗೆ ಅನ್ವಯಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಲೆಡ್ಜರಿನ ಕಾಲದ ಬ್ಯಾಂಕಿನಲ್ಲಿ ಕೆಲಸದ ಬಗೆ ಎಲ್ಲೆಡೆ ಒಂದೇ ಆಗಿತ್ತು, ದತ್ತಾಂಶ ಮಾತ್ರ ಬೇರೆ ಬೇರೆ. ಶಾಖಾ ಗಣಕೀಕರಣವು ಅದೇ ಸ್ಥಿತಿಯನ್ನು ಮುಂದುವರಿಸಿತು. ಕೋರ್ ಬ್ಯಾಂಕಿಂಗಿನಲ್ಲಿ ಎರಡೂ ಒಂದಾದವು. ಇದು ಗಣಕ ವಿಭಾಗವೊಂದೇ ಕೈಗೊಳ್ಳಬಹುದಾದ ನಿರ್ಧಾರವಲ್ಲ. ಶಾಖಾ ವ್ಯವಸ್ಥಾಪಕನ ಅಧಿಕಾರ, ಸಾಲ ಮಂಜೂರಾತಿಯ ದಾರಿ, ಲೆಕ್ಕ ತಪಾಸಣೆಯ ಕ್ರಮ, ಗುಮಾಸ್ತನ ದಿನಚರಿ ಎಲ್ಲವೂ ಅದರೊಡನೆ ಬದಲಾಗುತ್ತವೆ.

ಎಲ್ಲವನ್ನೂ ಒಂದೇ ಅಚ್ಚಿಗೆ ತರುವಾಗ ಅಚ್ಚಿಗೆ ಹೊಂದದ ವಸ್ತುಗಳ ಗತಿ ಏನು ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಕರಾವಳಿಯಲ್ಲಿಯೇ ಹುಟ್ಟಿದ ಪಿಗ್ಮಿ ಠೇವಣಿಗಿಂತ ಒಳ್ಳೆಯ ಉದಾಹರಣೆ ಬೇರೆಡೆ ಸಿಗಲಾರದು. ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಡಾ. ಟಿ.ಎಂ.ಎ. ಪೈ ಮತ್ತು ಅವರ ಸಹವರ್ತಿಗಳು ಆರಂಭಿಸಿದ ಸಿಂಡಿಕೇಟ್ ಬ್ಯಾಂಕು ೧೯೨೮ರಲ್ಲಿ ಈ ಯೋಜನೆಯನ್ನು ಜಾರಿಗೆ ತಂದಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುವ ವ್ಯವಸ್ಥೆ ಇದು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದವರ ಬಳಿಗೆ ಬ್ಯಾಂಕೇ ನಡೆದುಹೋದ ಕಥೆ.

ಝಾಕ್‌ಮನ್ ಅವರ ಆರು ಪ್ರಶ್ನೆಗಳನ್ನು ಈ ಎರಡಾಣೆಯ ಮೇಲೆ ಇಟ್ಟು ನೋಡಬಹುದು.

‘ಏನು’ ಎಂಬುದಕ್ಕೆ ಉತ್ತರ ಸರಳವೆಂದು ತೋರುತ್ತದೆ: ಠೇವಣಿ. ಆದರೆ ಇದು ಉಳಿತಾಯ ಖಾತೆಯಂತೆ ಬೇಕಾದಾಗ ತೆಗೆಯುವ ಹಣವೂ ಅಲ್ಲ, ತಿಂಗಳಿಗೊಮ್ಮೆ ನಿಗದಿಯಾದ ಕಂತು ಕಟ್ಟುವ ಆವರ್ತ ಠೇವಣಿಯೂ ಅಲ್ಲ. ಗೂಡಂಗಡಿಯವನು ಮಳೆ ಹಿಡಿದ ದಿನ ಏನನ್ನೂ ಕೊಡದಿರಬಹುದು. ‘ಹೇಗೆ’ ಮತ್ತು ‘ಎಲ್ಲಿ’ ಎಂಬಲ್ಲಿ ತೊಡಕು ಹೆಚ್ಚುತ್ತದೆ. ಠೇವಣಿಯೆಂದರೆ ಗ್ರಾಹಕನು ಕೌಂಟರಿಗೆ ಬಂದು ಕಟ್ಟುವ ಹಣವೆಂಬ ಕಲ್ಪನೆಯಿಂದ ರೂಪುಗೊಂಡ ತಂತ್ರಾಂಶಕ್ಕೆ ಬೀದಿಯಲ್ಲಿ, ಅಂಗಡಿಯ ಗಲ್ಲಾದ ಬಳಿ ನಡೆಯುವ ಈ ವ್ಯವಹಾರ ಕಣ್ಣಿಗೇ ಬೀಳುವುದಿಲ್ಲ. ‘ಯಾವಾಗ’ ಎಂಬುದು ಇನ್ನೂ ಸೂಕ್ಷ್ಮ. ಪ್ರತಿನಿಧಿ ಸಂಜೆ ಹಣ ಪಡೆಯುತ್ತಾನೆ, ಮರುದಿನ ಶಾಖೆಗೆ ಕಟ್ಟುತ್ತಾನೆ. ಆ ರಾತ್ರಿ ಆ ಹಣ ಯಾರದು? ಗ್ರಾಹಕನ ಕಾರ್ಡಿನಲ್ಲಿ ಅದು ಜಮೆಯಾಗಿದೆ, ಬ್ಯಾಂಕಿನ ಲೆಕ್ಕದಲ್ಲಿ ಇನ್ನೂ ಆಗಿಲ್ಲ. ಸ್ವೀಕೃತಿಯ ದಿನಾಂಕ, ಜಮೆಯ ದಿನಾಂಕ ಎಂದು ಎರಡು ದಿನಾಂಕಗಳಿಗೆ ಸ್ಥಳವಿಲ್ಲದ ತಂತ್ರಾಂಶವು ಒಂದನ್ನು ನುಂಗಿಹಾಕುತ್ತದೆ. ನುಂಗಿದ್ದು ಯಾವುದೆಂಬುದು ಪ್ರತಿನಿಧಿ ಹಣದೊಂದಿಗೆ ಕಾಣೆಯಾದ ದಿನ ತಿಳಿಯುತ್ತದೆ.

‘ಯಾರು’ ಎಂಬ ಪ್ರಶ್ನೆಗೆ ಉತ್ತರ ಕೊಡಲು ಸರ್ವೋಚ್ಚ ನ್ಯಾಯಾಲಯವೇ ಬೇಕಾಯಿತು. ಕಮಿಷನ್ನಿಗೆ ದುಡಿಯುವ ಈ ಪ್ರತಿನಿಧಿ ಬ್ಯಾಂಕಿನ ಕೆಲಸಗಾರನೋ ಅಲ್ಲವೋ ಎಂಬ ವಿವಾದ ಬಹುಕಾಲ ನಡೆದು, ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ ಮತ್ತು ಸಿಂಡಿಕೇಟ್ ಬ್ಯಾಂಕಿನ ಕೆಲಸಗಾರರ ನಡುವಣ ಮೊಕದ್ದಮೆಯಲ್ಲಿ ೨೦೦೧ರಲ್ಲಿ ತೀರ್ಪು ಬಂದಿತು. ಠೇವಣಿ ಸಂಗ್ರಾಹಕರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕೆಲಸಗಾರರೇ ಎಂದು ನ್ಯಾಯಾಲಯ ಎತ್ತಿಹಿಡಿಯಿತು. ಹೀಗಾಗಿ ಸಂಸ್ಥೆಯ ನಕ್ಷೆಯಲ್ಲಿ ಆತನನ್ನು ಹೊರಗಿನ ಮಧ್ಯವರ್ತಿಯೆಂದು ಬರೆಯಬೇಕೋ ಒಳಗಿನವನೆಂದು ಬರೆಯಬೇಕೋ ಎಂಬುದು ಚಿತ್ರಕಾರನ ಇಷ್ಟಕ್ಕೆ ಬಿಟ್ಟ ಸಂಗತಿಯಾಗಿ ಉಳಿಯಲಿಲ್ಲ.

ಕೊನೆಯದು ‘ಏಕೆ’. ಲಾಭದ ಲೆಕ್ಕವನ್ನಷ್ಟೇ ಹಿಡಿದರೆ ದಿನಕ್ಕೆ ಹತ್ತಿಪ್ಪತ್ತು ರೂಪಾಯಿಯ ನಮೂದುಗಳಿಗೆ ಕಮಿಷನ್ ಕೊಡುವುದು, ಕೈಯಲ್ಲಿ ಹಿಡಿಯುವ ಯಂತ್ರ ಒದಗಿಸುವುದು ದುಬಾರಿ ಎನಿಸಬಹುದು. ಗ್ರಾಹಕನ ನಂಬಿಕೆ, ಸಣ್ಣ ವ್ಯಾಪಾರಿಗೆ ಮುಂದೆ ಕೊಡಬಹುದಾದ ಸಾಲದ ಯೋಗ್ಯತೆಯ ಅರಿವು, ಬ್ಯಾಂಕು ಹುಟ್ಟಿದ ಉದ್ದೇಶ ಇವು ಲೆಕ್ಕಕ್ಕೆ ಬಂದರೆ ಉತ್ತರ ಬೇರೆಯಾಗುತ್ತದೆ. ಈ ಎರಡು ಉತ್ತರಗಳಲ್ಲಿ ಯಾವುದು ಸರಿಯೆಂದು ಯಾವ ಚೌಕಟ್ಟೂ ಹೇಳುವುದಿಲ್ಲ. ಅದನ್ನು ಬ್ಯಾಂಕಿನ ಆಡಳಿತ ಮಂಡಳಿ ಹೇಳಬೇಕು. ಅದು ಬಾಯಿಬಿಟ್ಟು ಹೇಳದೆ ಹೋದರೆ, ತಂತ್ರಾಂಶದ ಸಂರಚನೆಯನ್ನು ತುಂಬುವ ಯಾವನೋ ಕಿರಿಯ ಅಧಿಕಾರಿ ಒಂದು ಮಧ್ಯಾಹ್ನ ಅರಿವಿಲ್ಲದೆಯೇ ಅದನ್ನು ತೀರ್ಮಾನಿಸಿಬಿಡುತ್ತಾನೆ. ವ್ಯವಹಾರದ ಗುರಿಗೂ ತಂತ್ರಜ್ಞಾನಕ್ಕೂ ನಡುವೆ ಬಿರುಕು ಬೀಳುವುದು ಬಹುಪಾಲು ಹೀಗೆಯೇ. ದೊಡ್ಡ ಸಭೆಗಳಲ್ಲಿ ಅಲ್ಲ, ಉತ್ತರವಿಲ್ಲದೆ ಉಳಿದ ಇಂಥ ಚಿಕ್ಕ ಮನೆಗಳಲ್ಲಿ.

೪

ವಿಲೀನಗಳ ಪ್ರಶ್ನೆಗೆ ಮರಳಬಹುದು. ಎರಡು ಬ್ಯಾಂಕುಗಳು ಒಂದೇ ತಂತ್ರಾಂಶ ಬಳಸುತ್ತಿದ್ದರೆ ಅವುಗಳನ್ನು ಬೆಸೆಯುವುದು ಸುಲಭವೆಂಬ ಎಣಿಕೆ ವಿವೇಕದ್ದೇ. ಕೆನರಾ ಮತ್ತು ಸಿಂಡಿಕೇಟ್ ಸೇರಿದಾಗ ಒಟ್ಟು ೧೦,೩೪೨ ಶಾಖೆಗಳು, ೧೫.೨೦ ಲಕ್ಷ ಕೋಟಿ ರೂಪಾಯಿಗಳ ವ್ಯವಹಾರ ಎಂದು ೨೦೧೯ರ ಪ್ರಕಟಣೆಯಲ್ಲಿ ಹೇಳಲಾಗಿತ್ತು. ಈ ಗಾತ್ರದ ಕಾರ್ಯದಲ್ಲಿ ಬೇರೆ ಬೇರೆ ಗೋತ್ರದ ತಂತ್ರಾಂಶಗಳ ತೊಡಕೂ ಸೇರಿಕೊಂಡಿದ್ದರೆ ಪರಿಣಾಮ ಊಹಿಸುವುದು ಕಷ್ಟವಲ್ಲ. ಆದರೆ ಒಂದೇ ಕಂಪನಿಯ ತಂತ್ರಾಂಶವೆಂದ ಮಾತ್ರಕ್ಕೆ ಒಂದೇ ಬ್ಯಾಂಕೆಂದಾಗದು. ಒಂದೇ ವ್ಯಾಕರಣವುಳ್ಳ ಭಾಷೆಯಲ್ಲಿ ಇಬ್ಬರು ಬೇರೆ ಬೇರೆ ಮಾತನ್ನಾಡಬಹುದು. ಆವೃತ್ತಿ, ಯೋಜನೆಗಳ ಸಂಕೇತ, ಬಡ್ಡಿ ಎಣಿಸುವ ಕ್ರಮ, ಅಧಿಕಾರಿಗಳ ಮಂಜೂರಾತಿ ಮಿತಿ, ಗ್ರಾಹಕನ ಹೆಸರನ್ನು ಬರೆಯುವ ಪದ್ಧತಿ ಇವೆಲ್ಲ ಆಯಾ ಬ್ಯಾಂಕಿನ ಚರಿತ್ರೆಯಿಂದ ಬಂದವು. ಸಿಂಡಿಕೇಟಿನಲ್ಲಿ ಪಿಗ್ಮಿ ಎಂಬುದಕ್ಕಿದ್ದ ಸ್ಥಾನ ಇನ್ನೊಂದು ಬ್ಯಾಂಕಿನ ನಿತ್ಯನಿಧಿಗೆ ಇರಲೇಬೇಕೆಂದಿಲ್ಲ. ಝಾಕ್‌ಮನ್ ಕೋಷ್ಟಕದ ಭಾಷೆಯಲ್ಲಿ ಹೇಳುವುದಾದರೆ, ನಿರ್ಮಾಪಕನ ಸಾಲು ಹೊಂದಿಕೆಯಾಯಿತೆಂದು ಒಡೆಯನ ಸಾಲೂ ಹೊಂದಿಕೆಯಾಯಿತೆಂದು ತಿಳಿಯುವಂತಿಲ್ಲ.

ಈ ಎಚ್ಚರಿಕೆ ಎಷ್ಟು ಅಗತ್ಯವೆಂಬುದಕ್ಕೆ ಬ್ರಿಟನ್ನಿನ ಟಿ.ಎಸ್.ಬಿ. ಬ್ಯಾಂಕಿನ ಪ್ರಕರಣವನ್ನು ನೋಡಬಹುದು. ಅದು ವಿಲೀನಕ್ಕೆ ತದ್ವಿರುದ್ಧವಾದ, ಬೇರ್ಪಡುವಿಕೆಯ ಪ್ರಕರಣ. ಆದರೆ ಲಕ್ಷಾಂತರ ಖಾತೆಗಳನ್ನು ಒಂದು ಗಣಕ ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸ ಎರಡರಲ್ಲಿಯೂ ಒಂದೇ. ಲಾಯ್ಡ್ಸ್ ಬ್ಯಾಂಕಿನಿಂದ ಬೇರ್ಪಟ್ಟ ಟಿ.ಎಸ್.ಬಿ.ಯನ್ನು ಸ್ಪೇನಿನ ಸಬಡೆಲ್ ಬ್ಯಾಂಕು ೨೦೧೫ರಲ್ಲಿ ಕೊಂಡಿತು. ಲಾಯ್ಡ್ಸ್‌ನ ಗಣಕ ವ್ಯವಸ್ಥೆಯಲ್ಲೇ ಇನ್ನೂ ಬಾಡಿಗೆಗಿದ್ದ ಬ್ಯಾಂಕನ್ನು ತನ್ನ ಮಾದರಿಯ ಹೊಸ ವ್ಯವಸ್ಥೆಗೆ ತರುವುದು ಸಬಡೆಲ್‌ನ ಗುರಿ. ವ್ಯವಹಾರದ ಉದ್ದೇಶ ಸ್ಪಷ್ಟವಾಗಿಯೇ ಇತ್ತು. ಯೋಜನೆಯನ್ನು ಮಾತ್ರ ಮುಗಿಯಬೇಕಾದ ದಿನಾಂಕದಿಂದ ಹಿಂದಕ್ಕೆ ಎಣಿಸಿ ರೂಪಿಸಲಾಯಿತು. ಮುಹೂರ್ತ ಮೊದಲು ನಿಶ್ಚಯವಾಗಿ ಮನೆಯ ಕೆಲಸ ಅದಕ್ಕೆ ಓಡಿಬರುವ ಪರಿ ನಮ್ಮಲ್ಲೂ ಅಪರೂಪವಲ್ಲ.

೨೦೧೮ರ ಏಪ್ರಿಲ್ ೨೦ರ ಶುಕ್ರವಾರದಿಂದ ೨೨ರ ಭಾನುವಾರದವರೆಗಿನ ಒಂದೇ ವಾರಾಂತ್ಯದಲ್ಲಿ ಸುಮಾರು ೫೨ ಲಕ್ಷ ಗ್ರಾಹಕರ ಖಾತೆಗಳನ್ನು ಸಾಗಿಸಲಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ದತ್ತಾಂಶ ಸರಿಯಾಗಿಯೇ ಹೋಗಿ ತಲುಪಿತು. ‘ಏನು’ ಎಂಬ ಕಂಬಸಾಲಿನಲ್ಲಿ ತಪ್ಪಿರಲಿಲ್ಲ. ಕುಸಿದದ್ದು ಅದನ್ನು ಹೊತ್ತ ವೇದಿಕೆ. ಸುಮಾರು ೧೯ ಲಕ್ಷ ಗ್ರಾಹಕರು ತಮ್ಮ ಖಾತೆಗಳಿಂದ ಹೊರಗುಳಿದರು. ಸಂಬಳ, ಬಾಡಿಗೆ, ಸಾಲದ ಕಂತು ಎಲ್ಲವೂ ನಿಂತವು. ಆಮೇಲಿನ ತನಿಖೆಯಲ್ಲಿ ಹೊರಬಿದ್ದ ಒಂದು ಅಂಶ ಬಹಳ ಅರ್ಥಪೂರ್ಣವಾಗಿದೆ. ಏಕಕಾಲದಲ್ಲಿ ಕೆಲಸ ಮಾಡಬೇಕಾಗಿದ್ದ ಎರಡು ದತ್ತಾಂಶ ಕೇಂದ್ರಗಳ ಪೈಕಿ ಒಂದರಲ್ಲಿ ಮಾತ್ರ ಹೊರೆಯ ಪರೀಕ್ಷೆ ನಡೆದಿತ್ತು. ಎರಡೂ ಒಂದೇ ರೀತಿ ಸಂರಚಿತವಾಗಿವೆಯೆಂದು ನಂಬಲಾಗಿತ್ತು, ಅವು ಹಾಗಿರಲಿಲ್ಲ. ‘ಎಲ್ಲಿ’ ಎಂಬ ಅತಿ ಸಾಮಾನ್ಯ ಪ್ರಶ್ನೆಯ ಮನೆಯಲ್ಲಿ ತಪ್ಪು ಉತ್ತರ ಬರೆದಿತ್ತು, ಅದನ್ನು ಯಾರೂ ಓದಿರಲಿಲ್ಲ.

ವ್ಯವಸ್ಥೆ ಪೂರ್ತಿ ಸಹಜ ಸ್ಥಿತಿಗೆ ಬಂದದ್ದು ಆ ವರ್ಷದ ಡಿಸೆಂಬರಿನಲ್ಲಿ. ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಸೆಪ್ಟೆಂಬರಿನಲ್ಲಿ ಹುದ್ದೆ ಬಿಟ್ಟರು. ಗ್ರಾಹಕರಿಗೆ ೩ ಕೋಟಿ ೨೭ ಲಕ್ಷ ಪೌಂಡುಗಳ ಪರಿಹಾರ ಕೊಡಬೇಕಾಯಿತು. ನಿಯಂತ್ರಕರು ೨೦೨೨ರ ಡಿಸೆಂಬರಿನಲ್ಲಿ ೪ ಕೋಟಿ ೮೬ ಲಕ್ಷ ೫೦ ಸಾವಿರ ಪೌಂಡುಗಳ ದಂಡ ವಿಧಿಸಿದರು. ೨೦೨೩ರಲ್ಲಿ ಬ್ಯಾಂಕಿನ ಅಂದಿನ ಮುಖ್ಯ ಮಾಹಿತಿ ಅಧಿಕಾರಿಗೆ ವೈಯಕ್ತಿಕವಾಗಿಯೇ ೮೧,೬೨೦ ಪೌಂಡುಗಳ ದಂಡ ಬಿದ್ದಿತು. ಹೊರಗಿನ ಪೂರೈಕೆದಾರರು ಸಿದ್ಧರಿದ್ದಾರೆಯೇ ಎಂಬುದನ್ನು ಅವರು ಸಾಕಷ್ಟು ಪರಿಶೀಲಿಸಲಿಲ್ಲವೆಂಬುದು ಆರೋಪದ ಸಾರ. ಕೋಷ್ಟಕದ ‘ಯಾರು’ ಎಂಬ ಕಂಬಸಾಲಿಗೆ ಕಾನೂನು ಹೀಗೆ ಒಬ್ಬ ವ್ಯಕ್ತಿಯ ಹೆಸರನ್ನು ಬರೆದುಕೊಂಡಿತು.

ಇಂಥ ದುರಂತಗಳನ್ನು ಚೌಕಟ್ಟುಗಳು ತಪ್ಪಿಸುತ್ತವೆಯೆ? ತಪ್ಪಿಸುತ್ತವೆಂದು ಅವುಗಳ ಪ್ರತಿಪಾದಕರು ಹೇಳುವಷ್ಟು ಖಚಿತವಾಗಿ ಹೇಳುವುದು ಕಷ್ಟ. ಚೌಕಟ್ಟಿನ ಪ್ರಮಾಣಪತ್ರ ಪಡೆದವ ಒಳ್ಳೆಯ ವಿನ್ಯಾಸಕನಾಗಿಯೇ ಇರಬೇಕೆಂದಿಲ್ಲ. ಛಂದಸ್ಸು ಓದಿದವರೆಲ್ಲ ಕವಿಗಳಾಗದಂತೆ. ನೂರಾರು ಪುಟಗಳ ನಕ್ಷೆಗಳನ್ನು ಬರೆಯಿಸಿ, ಚಂದದ ಹೊದಿಕೆ ಹಾಕಿಸಿ, ಕಪಾಟಿನಲ್ಲಿಟ್ಟು ಮರೆತ ಸಂಸ್ಥೆಗಳು ಎಲ್ಲ ದೇಶಗಳಲ್ಲಿಯೂ ಇವೆ. ಕಾಯಿದೆಯ ಒತ್ತಾಯಕ್ಕೆ ಬರೆದ ನಕ್ಷೆಗೆ ಈ ಗತಿ ಇನ್ನೂ ಬೇಗ ಬರುತ್ತದೆ. ಬರೆದ ದಿನವೇ ಹಳತಾಗತೊಡಗುವ ಚಿತ್ರವನ್ನು ಜೀವಂತವಾಗಿಡಲು ಬೇಕಾದ ದುಡಿಮೆ ಕಡಿಮೆಯದಲ್ಲ, ಆ ದುಡಿಮೆಗೆ ಸಂಸ್ಥೆಯಲ್ಲಿ ಮನ್ನಣೆಯೂ ಕಡಿಮೆ. ಮತ್ತೂ ಒಂದು ತೊಡಕಿದೆ. ಈ ನಕ್ಷೆಗಳ ಭಾಷೆ ಸಾಮಾನ್ಯವಾಗಿ ತಜ್ಞರ ಇಂಗ್ಲಿಷ್. ಒಡೆಯನ ಸಾಲನ್ನು ತುಂಬಬೇಕಾದವರು ಶಾಖೆಯ ಅನುಭವವುಳ್ಳವರು, ಠೇವಣಿ ಸಂಗ್ರಾಹಕರು, ಹಳ್ಳಿಯ ವ್ಯವಸ್ಥಾಪಕರು. ಅವರಿಗೆ ಓದಲಾಗದ ಚಿತ್ರಕ್ಕೆ ಅವರ ಸಮ್ಮತಿ ಪಡೆದೆವೆನ್ನುವುದು ಹೆಬ್ಬೆಟ್ಟಿನ ಸಮ್ಮತಿಯಷ್ಟೇ ಆದೀತು. ಕನ್ನಡದಲ್ಲಿ ಬ್ಯಾಂಕಿಂಗಿನ ಪರಿಭಾಷೆ ಸಾಕಷ್ಟು ಬೆಳೆದಿದೆ. ಅದು ಬಹುಮಟ್ಟಿಗೆ ಕೌಂಟರಿನ ಈಚೆಗೆ, ಗ್ರಾಹಕರಿಗಾಗಿ ಬೆಳೆದದ್ದು. ಕೌಂಟರಿನ ಆಚೆಗೆ, ವ್ಯವಸ್ಥೆಯನ್ನು ರೂಪಿಸುವವರ ಮೇಜಿನವರೆಗೆ ಅದು ಹೋಗಿಲ್ಲ.

ಭಾರತದ ವಿಲೀನಗಳು ಟಿ.ಎಸ್.ಬಿ.ಯ ಹಾದಿ ಹಿಡಿಯಲಿಲ್ಲ. ಬ್ಯಾಂಕ್ ಆಫ್ ಬರೋಡಾವು ಎಲ್ಲವನ್ನೂ ಒಂದೇ ವಾರಾಂತ್ಯಕ್ಕೆ ಕಟ್ಟಿಹಾಕದೆ ಹಂತಹಂತವಾಗಿ ನಡೆಯಿತು. ವಿಜಯಾ ಬ್ಯಾಂಕಿನ ೨,೧೨೮ ಶಾಖೆಗಳ ಜೋಡಣೆ ೨೦೨೦ರ ಸೆಪ್ಟೆಂಬರಿನಲ್ಲಿ, ದೇನಾ ಬ್ಯಾಂಕಿನ ೧,೭೭೦ ಶಾಖೆಗಳದು ಡಿಸೆಂಬರಿನಲ್ಲಿ ಮುಗಿಯಿತು. ಕಾನೂನಿನ ದೃಷ್ಟಿಯಿಂದ ವಿಲೀನವಾಗಿ ಆಗಲೇ ಒಂದೂವರೆ ವರ್ಷ ಕಳೆದಿತ್ತು. ಆ ಅವಧಿಯಲ್ಲಿ ಬ್ಯಾಂಕು ಹೆಸರಿಗೆ ಒಂದು, ಗಣಕದಲ್ಲಿ ಮೂರು. ಸಿಂಡಿಕೇಟಿನ ಹಳೆಯ ಐ.ಎಫ್.ಎಸ್.ಸಿ. ಸಂಕೇತಗಳೂ ೨೦೨೧ರ ಜೂನ್ ೩೦ರವರೆಗೆ ನಡೆದವು. ಜುಲೈ ೧ರಿಂದ ಅವುಗಳ ಆರಂಭದ ಅಕ್ಷರಗಳು ಕೆನರಾದವಾದವು. ಮುಂಬಯಿಯಿಂದ ಊರಿನ ತಾಯಿಯ ಖಾತೆಗೆ ತಿಂಗಳು ತಿಂಗಳು ಹಣ ಕಳುಹಿಸುತ್ತಿದ್ದವನಿಗೆ ವಿಲೀನವೆಂಬುದು ನಿಜವಾಗಿ ತಟ್ಟಿದ್ದು ಆ ನಾಲ್ಕು ಅಕ್ಷರಗಳನ್ನು ತಿದ್ದಿ ಬರೆಯಬೇಕಾಗಿ ಬಂದ ದಿನ.